ಕಿಟಕಿಯವಳ ನಾಲ್ಕನೇ ಸಾಲ

ಜೂನ್ 3, ಸೋಮವಾರ

ಈ ಪುಸ್ತಕ ಕೊಂಡದ್ದು ಬ್ಯಾಂಕಿನ ಮೇಡಂ ಹೇಳಿದರೆಂದು. ಯಾರ ಹತ್ತಿರ ಮಾತಾಡಿದಿರಿ, ಯಾವತ್ತು, ಅವರು ಏನಂದರು, ಎಲ್ಲವನ್ನೂ ಬರೆದಿಡಿ, ಇಲ್ಲದಿದ್ದರೆ ಆ ಕೌಂಟರಿನಿಂದ ಈ ಕೌಂಟರಿಗೆ ಓಡಾಡಿಸಿಯೇ ಸುಸ್ತು ಮಾಡುತ್ತಾರೆ ಎಂದರು. ಬರೆಯಲು ಕೂತರೆ ಬೇರೆಯದೂ ಬರುತ್ತದೆ. ಬರಲಿ, ಓದುವವರು ಯಾರಿದ್ದಾರೆ.

ವಿಷಯ ಇಷ್ಟು. ಮೇಷ್ಟ್ರು ಹಲ್ಲಿನ ಲ್ಯಾಬ್ ಮಾರುತ್ತಿದ್ದಾರೆ. ಹದಿಮೂರು ವರ್ಷದಿಂದ ಅವರ ಕೈಕೆಳಗೆ ಊರಿನ ಅರ್ಧ ಜನರ ಹಲ್ಲು ಮಾಡಿದ್ದೇನೆ. ಈಗ ಅವರ ಕೈ ನಡುಗುತ್ತದೆ. ಮೇಣದಲ್ಲಿ ಹಲ್ಲು ಕೂರಿಸುವಾಗ ಒಂದು ಕೂದಲೆಳೆ ಆಚೀಚೆಯಾದರೂ ಬಾಯಿ ಮುಚ್ಚುವುದಿಲ್ಲ, ಅದು ಅವರಿಗೇ ಚೆನ್ನಾಗಿ ಗೊತ್ತು. ಸೆಪ್ಟೆಂಬರ್ ಕೊನೆಯವರೆಗೆ ನಿನಗಾಗಿ ಕಾಯುತ್ತೇನೆ ಎಂದಿದ್ದಾರೆ. ಅಷ್ಟರಲ್ಲಿ ನಾನು ದುಡ್ಡು ಹೊಂದಿಸದಿದ್ದರೆ ಮೇಲಿನ ಮಹಡಿಯ ಕ್ಲಿನಿಕ್ ಕಂಪನಿಗೆ ಕೊಟ್ಟುಬಿಡುತ್ತಾರೆ. ಕಂಪನಿಗೆ ಬೇಕಿರುವುದು ಜಾಗ ಮಾತ್ರ, ಹಲ್ಲು ಹೊರಗಿನಿಂದ ತರಿಸುತ್ತಾರೆ. ಅಂದರೆ ಅಕ್ಟೋಬರ್ ಒಂದನೇ ತಾರೀಖಿನಿಂದ ನನಗೆ ಬೆಂಚಿಲ್ಲ. ನಮ್ಮ ಮನೆಯವರಿಗೆ ಬೇಕರಿಯಲ್ಲಿ ಬರುವ ಸಂಬಳ ಬಾಡಿಗೆಗೂ ಮಗಳ ಶಾಲೆಗೂ ಸರಿಹೋಗುತ್ತದೆ, ಊಟಕ್ಕೆ ನಾವು ಹಲ್ಲು ಕಡಿದುಕೊಂಡು ಕೂರಬೇಕು.

ಸಾಲ ಸಿಗಲಿಲ್ಲ. ಬ್ಯಾಂಕಿನ ಮೇಡಂ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ನಿಮ್ಮ ಹೆಸರಲ್ಲಿ ಐದು ಸಾಲ ಇದೆ, ಮೂರರಲ್ಲಿ ಕಂತು ಬಾಕಿ" ಎಂದರು. ನಾನು ಜನ್ಮದಲ್ಲಿ ತೆಗೆದದ್ದು ಎರಡು. ಯಾರದೋ ಸಾಲ ನಿಮ್ಮ ಕ್ರೆಡಿಟ್ ರಿಪೋರ್ಟಿಗೆ ಸೇರಿಕೊಂಡಿರಬಹುದು, ಏಜೆಂಟರ ಹತ್ತಿರ ಹೋಗಿ ದುಡ್ಡು ಕಳೆದುಕೊಳ್ಳಬೇಡಿ, ನೀವೇ ತಕರಾರು ಅರ್ಜಿ ಹಾಕಿ, ಖರ್ಚಿಲ್ಲ ಎಂದರು. ಒಳ್ಳೆಯ ಹೆಂಗಸು. ಅವರ ಮುಂದಿನ ಎರಡು ಹಲ್ಲು ಮಾತ್ರ ಯಾರೋ ಬೇಕಾಬಿಟ್ಟಿ ಕಟ್ಟಿದ್ದಾರೆ.

ಜೂನ್ 5, ಬುಧವಾರ

ರಿಪೋರ್ಟ್ ಹನ್ನೊಂದು ಪುಟ. ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಯಾವ ಪರೀಕ್ಷೆ ಕಟ್ಟಿದ್ದೀಯ ಎಂದು ಇವರು ಕೇಳಿದರು. ನಗು ಬರಲಿಲ್ಲ.

ನಾನು ಎಂದೂ ವಾಸ ಮಾಡದ ವಿಳಾಸ ಒಂದಿದೆ, ಸೇತುವೆ ಆಚೆಯದು. ನನ್ನದಲ್ಲದ ಫೋನ್ ನಂಬರ್ ಇದೆ. ಒಂದು ಸ್ಕೂಟರ್ ಸಾಲ, ಒಂದು ಕೈಸಾಲದಂಥದ್ದು, ಒಂದು ಅಂಗಡಿ ಸಾಲ. ಮೂರೂ ಒಂದೇ ಕಂಪನಿಯವು. ಹೆಸರು ನನ್ನದೇ, ಹುಟ್ಟಿದ ದಿನವೂ ನನ್ನದೇ. ಗುರುತಿನ ಚೀಟಿಯ ನಂಬರೂ ನನ್ನದೇ. ಆ ನಂಬರನ್ನು ಎರಡು ಸಲ ಓದಿದೆ. ಯಾರೆಂದು ತಕ್ಷಣ ಗೊತ್ತಾಯಿತು.

ಕಿಟಕಿಯವಳು. ಹದಿನಾರು ವರ್ಷದ ಹಿಂದೆ ನಾವಿಬ್ಬರೂ ಹಲ್ಲಿನ ಸೆಟ್ ಮಾಡುವ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದೆವು, ಅದರದ್ದೇ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಒಂದೇ ಹೆಸರು, ಹುಟ್ಟಿದ್ದೂ ಒಂದೇ ದಿನ. ಸೂಪರ್‌ವೈಸರ್ ಕರೆದರೆ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಅದಕ್ಕೇ ಅವಳು ಕಿಟಕಿಯವಳಾದಳು, ನಾನು ಬಾಗಿಲಿನವಳಾದೆ, ಕೂರುವ ಬೆಂಚಿನ ಲೆಕ್ಕದಲ್ಲಿ. ಸಂಬಳಕ್ಕೆ ಬ್ಯಾಂಕ್ ಖಾತೆ ತೆರೆಯಬೇಕಾದಾಗ ಅವಳು ಗುರುತಿನ ಚೀಟಿಯನ್ನು ಮನೆಯಲ್ಲಿ ಬಿಟ್ಟುಬಂದಿದ್ದಳು. ಮರುದಿನವೇ ಕೊಡದಿದ್ದರೆ ಆ ತಿಂಗಳ ಸಂಬಳ ತಪ್ಪುತ್ತಿತ್ತು. ಹೆಸರು ಒಂದೇ, ತಾರೀಖು ಒಂದೇ, ಜೆರಾಕ್ಸಿನಲ್ಲಿ ಮುಖ ಹೇಗೂ ಕರಿ ಮಸಿ. ನನ್ನ ಚೀಟಿಯನ್ನೇ ಎರಡು ಜೆರಾಕ್ಸ್ ಮಾಡಿಸಿ ಇಬ್ಬರೂ ಕೊಟ್ಟೆವು. ನಾನೇ ಹೇಳಿದ್ದು, ಕೊಡು ಮಾರಾಯ್ತಿ, ಯಾರು ನೋಡುತ್ತಾರೆ ಎಂದು. ಆವತ್ತು ಅದೊಂದು ತಮಾಷೆಯಾಗಿತ್ತು. ಅವಳ ಖಾತೆಗೆ ನನ್ನ ನಂಬರ್ ಹಾಗೇ ಅಂಟಿಕೊಂಡು ಉಳಿದಿರಬೇಕು.

ಇಲ್ಲಿ ಮೇಷ್ಟ್ರ ಲ್ಯಾಬಿನಲ್ಲಿ ಬಾಯಿಯ ಅಚ್ಚು ಬಂದ ತಕ್ಷಣ ಅಡಿಯಲ್ಲಿ ನಂಬರ್ ಕೆತ್ತದೆ ಯಾರೂ ಕೆಲಸಕ್ಕೆ ಕೈ ಹಾಕುವಂತಿಲ್ಲ. ಒಬ್ಬರ ಬಾಯಿಗೆ ಇನ್ನೊಬ್ಬರ ಹಲ್ಲು ಹೋದರೆ ಇಬ್ಬರೂ ಉಪವಾಸ ಎನ್ನುತ್ತಾರೆ.

ಉಳಿದ ಎರಡು ಸಾಲ ನನ್ನವು. ಫ್ರಿಜ್ಜಿನದು ಸರಿಯಾಗಿ ತೀರಿದೆ. ಇನ್ನೊಂದು ಆಸ್ಪತ್ರೆ ಸಾಲ, ಆರು ವರ್ಷದ ಹಿಂದೆ, ಮಗಳಿಗೆ ಐದು ವರ್ಷವಿದ್ದಾಗ ಎದೆಯಲ್ಲಿ ನೀರು ತುಂಬಿತ್ತಲ್ಲ, ಆಗಿನದು. ಏಳು ತಿಂಗಳು ಕಟ್ಟಲಾಗಲಿಲ್ಲ. ಕೊನೆಗೆ ಸಾಲ ಕೊಟ್ಟವರು ಅರ್ಧಕ್ಕೇ ಒಪ್ಪಿ ಬಿಟ್ಟರು. ಅದಕ್ಕೆ ರಿಪೋರ್ಟಿನಲ್ಲಿ "ಕಡಿಮೆಗೆ ಇತ್ಯರ್ಥ" ಎಂದು ಬರೆದಿದೆ. ಅದು ನನ್ನದೇ. ಅದರ ಬಗ್ಗೆ ನನ್ನ ತಕರಾರಿಲ್ಲ.

ಜೂನ್ 10, ಸೋಮವಾರ

ಅರ್ಜಿ ಕಳಿಸಿದೆ. ಮೂರು ಸಾಲಕ್ಕೆ ಮೂರು ಫಾರಂ, ಈಗಿನ ಮನೆ ವಿಳಾಸ, ಲ್ಯಾಬಿನ ವಿಳಾಸ, ಫೋನ್ ನಂಬರ್, ಎಲ್ಲ ಕೊಟ್ಟೆ. ಒಂದು ಕಡೆ ಕೇಳಿದ್ದರು: ಈ ಸಾಲ ಪಡೆದಿರಬಹುದಾದ ವ್ಯಕ್ತಿಯ ಪರಿಚಯ ನಿಮಗಿದೆಯೇ? ಹೌದೆಂದರೆ ಹೇಗೆ ಎಂದು ಕೇಳುತ್ತಾರೆ, ಜೆರಾಕ್ಸಿನ ಕಥೆ ಹೇಳಬೇಕು, ಅದು ತಪ್ಪು ಕೆಲಸ, ಅವಳಿಗೂ ತೊಂದರೆ. ಇಲ್ಲ ಎಂದು ಗುರುತು ಹಾಕಿದೆ. ಹದಿನಾಲ್ಕು ವರ್ಷದಿಂದ ನೋಡಿಲ್ಲ, ಅದನ್ನು ಪರಿಚಯ ಎನ್ನಲಾದೀತೇ.

ಜೂನ್ 28, ಶುಕ್ರವಾರ

ಮೂರಕ್ಕೂ ಒಂದೇ ಉತ್ತರ. "ಪರಿಶೀಲಿಸಲಾಗಿದೆ. ಮಾಹಿತಿ ಸರಿಯಾಗಿದೆ."

ಸಾಲದ ಕಂಪನಿಯ ಕೌಂಟರಿಗೆ ಹೋದೆ. ಅಲ್ಲಿ ಕನ್ನಡಕದ ಯುವಕನೊಬ್ಬ ನನ್ನ ಮುಖವನ್ನೇ ನೋಡದೆ, ರಿಪೋರ್ಟ್ ಮಾಡುವವರು ನಮ್ಮನ್ನು ಕೇಳುತ್ತಾರೆ, ನಾವು ಕಂಪ್ಯೂಟರನ್ನು ಕೇಳುತ್ತೇವೆ, ಕಂಪ್ಯೂಟರಿನಲ್ಲಿ ನಂಬರ್ ಹೊಂದುತ್ತದೆ ಎಂದ. ನಾನು ನಾನಲ್ಲ ಎಂದು ಹೇಗೆ ತೋರಿಸಲಿ ಎಂದೆ. ಆ ಇನ್ನೊಬ್ಬರು ಇದ್ದಾರೆ ಎಂದು ತೋರಿಸಿ ಎಂದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳು ನಿಂತ ಮೇಲೆ ಕೋಪ ಬಂತು, ಅವನ ಮೇಲಲ್ಲ, ಕಿಟಕಿಯವಳ ಮೇಲೆ. ಅಂಗಡಿ ಸಾಲ ಮಾಡುವ ಹೆಂಗಸಿಗೆ ಕಂತು ಕಟ್ಟಲು ಏನು ಧಾಡಿ.

ಜುಲೈ 2, ಮಂಗಳವಾರ

ಇವತ್ತು ಲ್ಯಾಬಿನ ಫೋನಿಗೆ ಒಬ್ಬ ಕರೆ ಮಾಡಿದ. ದನಿ ಬೆಣ್ಣೆಯ ಹಾಗಿತ್ತು.

"ಅಕ್ಕಾ, ನಾವು ನಿಮ್ಮ ತಮ್ಮಂದಿರಿದ್ದ ಹಾಗೆ. ಅಂಗಡಿ ಸಾಲದ ಒಂಬತ್ತು ಕಂತು ಬಾಕಿ ಇದೆ. ಇಷ್ಟು ದಿನ ನೀವು ಎಲ್ಲಿದ್ದೀರ ಅಂತಾನೇ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು. ಭಾವ ಬೇಕರಿಯಿಂದ ಎರಡು ಗಂಟೆಗೆ ಬರ್ತಾರಲ್ವಾ?"

ವಿಳಾಸ ಎಲ್ಲಿಂದ ಸಿಕ್ಕಿತೆಂದು ಯೋಚಿಸುವುದೇ ಬೇಡ, ನಾನೇ ಅರ್ಜಿಯಲ್ಲಿ ದುಂಡಗೆ ಬರೆದು ಕೊಟ್ಟಿದ್ದೆ. ಸಂಜೆ ನಾಲ್ಕಕ್ಕೆ ಎದುರು ಫುಟ್‌ಪಾತಿನಲ್ಲಿ ಇಬ್ಬರು ಬಂದು ನಿಂತರು. ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಏನೂ ಮಾಡಲಿಲ್ಲ. ನಿಂತು, ನಮ್ಮ ಕಿಟಕಿ ನೋಡಿ, ಒಂದು ಗಂಟೆ ಕಳೆದು ಹೋದರು.

ಇವರಿಗೆ ಹೇಳಲಿಲ್ಲ.

ಜುಲೈ 5, ಶುಕ್ರವಾರ

ಮತ್ತೆ ನಿಂತಿದ್ದರು. ಇವತ್ತು ಶಾಲೆಯ ಗೇಟಿನ ಹತ್ತಿರ.

ಜುಲೈ 9, ಮಂಗಳವಾರ

ಮೇಷ್ಟ್ರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ ಸೇತುವೆ ಆಚೆಗೆ ಹೋದೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ರಿಪೋರ್ಟಿನಲ್ಲಿದ್ದ ವಿಳಾಸದ ಮನೆಯನ್ನು ಅವಳು ಬಿಟ್ಟಾಗಿತ್ತು, ಹಲ್ಲಿನ ಸೆಟ್ ಮಾಡುವವಳು ಎಂದು ವಿಚಾರಿಸುತ್ತಾ ಹೋದರೆ ಚಪ್ಪಲಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಒಂದು ಗೂಡಿನಂಥ ಕೋಣೆ. "ಮುರಿದ ಹಲ್ಲಿನ ಸೆಟ್ ಒಂದೇ ದಿನದಲ್ಲಿ ಸರಿಮಾಡಿಕೊಡಲಾಗುವುದು" ಎಂದು ಬೋರ್ಡು. ಕೆಳಗೆ ನನ್ನ ಹೆಸರು.

ಗಾಜಿನಾಚೆ ಅವಳಿದ್ದಳು. ಕಿಟಕಿಯ ಪಕ್ಕದಲ್ಲೇ, ಇನ್ನೆಲ್ಲಿ. ಬಲಗೈ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿಕೊಂಡು ಹಲ್ಲಿನ ಸೆಟ್ ಉಜ್ಜುತ್ತಿದ್ದಳು, ಆ ಅಭ್ಯಾಸ ಇನ್ನೂ ಹೋಗಿಲ್ಲ. ಕೂದಲು ಅರ್ಧ ಬೆಳ್ಳಗಾಗಿದೆ. ಮೆಷಿನ್ನು ಒಂದೇ, ಸದ್ದಿನಲ್ಲೇ ಗೊತ್ತಾಗುತ್ತದೆ, ಬೇರಿಂಗ್ ಸವೆದಿದೆ. ಒಬ್ಬ ಮುದುಕ ಬಾಯಿಗೆ ಕರವಸ್ತ್ರ ಹಿಡಿದು ಸ್ಟೂಲಿನ ಮೇಲೆ ಕಾಯುತ್ತಿದ್ದ. ಅವಳು ಏನೋ ಹೇಳಿದಳು, ಅವನು ಬೊಚ್ಚುಬಾಯಿ ಬಿಟ್ಟು ನಕ್ಕ. ಹಾಸ್ಟೆಲಿನಲ್ಲೂ ಹೀಗೇ, ಅಳುತ್ತಿದ್ದವರನ್ನು ನಗಿಸಿಬಿಡುತ್ತಿದ್ದಳು. ಊರು ಬಿಟ್ಟು ಬಂದ ಮೊದಲ ವಾರ ನನ್ನನ್ನೂ ನಗಿಸಿದ್ದು ಅವಳೇ.

ಒಳಗೆ ಹೋಗಬೇಕೆಂದೇ ಹೋಗಿದ್ದೆ. ಇಬ್ಬರೂ ಸೇರಿ ಕೌಂಟರಿಗೆ ಹೋಗಿ, ನಾವಿಬ್ಬರು, ನೋಡಿ ಎಂದು ನಿಂತರೆ ಒಂದೇ ದಿನದಲ್ಲಿ ಮುಗಿಯುವ ಕೆಲಸ ಅದು. ಆದರೆ ಜೆರಾಕ್ಸಿನ ವಿಷಯ ಎತ್ತಿದರೆ ಚೀಟಿ ಕೊಟ್ಟವಳು ನಾನು. ಬೋರ್ಡಿನ ಎರಡು ಫೋಟೊ ತೆಗೆದೆ, ಅವಳು ಕೂತದ್ದು ಒಂದು. ವಾಪಸ್ ಬಸ್ಸು ಬರುವ ಹೊತ್ತಾಗಿತ್ತು, ಅದಕ್ಕೇ ಹೋಗಲಿಲ್ಲ.

ಜುಲೈ 11, ಗುರುವಾರ

ಇಸ್ತ್ರಿ ಅಂಗಿಯವರಿಗೆ ಫೋಟೊ ಮತ್ತು ವಿಳಾಸ ಕೊಟ್ಟೆ. ರಸ್ತೆ ದಾಟಿ ನಾನೇ ಹೋದೆ. ತುಂಬ ಥ್ಯಾಂಕ್ಸ್ ಅಕ್ಕಾ, ತೊಂದರೆಯಾಯಿತು, ಕ್ಷಮಿಸಿ ಎಂದರು. ಹತ್ತಿರದಿಂದ ನೋಡಿದರೆ ಮರ್ಯಾದಸ್ಥರೇ.

ಜುಲೈ 30, ಮಂಗಳವಾರ

ಮೂರೂ ಸಾಲ ನನ್ನ ರಿಪೋರ್ಟಿನಿಂದ ಹೋದವು! ಕಂಪನಿಯ ಜನರೇ ಹೋಗಿ ಅವಳನ್ನು ಕಂಡು, ಇವಳು ಬೇರೆ, ಇವಳೇ ಸಾಲಗಾರ್ತಿ ಎಂದು ಬರೆದುಕೊಟ್ಟರಂತೆ. ಅವಳ ಹೆಸರಿನಲ್ಲಿ ಬೇರೆಯದೇ ರಿಪೋರ್ಟ್ ತೆರೆದಿದ್ದಾರೆ. ಹಲ್ಲುನೋವು ನಿಂತ ದಿನದ ಹಾಗೆ ಇದೆ. ಮಗಳನ್ನು ಕರೆದುಕೊಂಡು ಹೋಗಿ ಹೊಸ ಶೂ ಕೊಡಿಸಿದೆ. ಇವರು ಬೇಕರಿಯಿಂದ ಸುಟ್ಟ ಅಂಚಿನ ಕೇಕು ತಂದರು, ಮಾಲೀಕರಿಗೆ ಬೇಡವಾದದ್ದು ನಮಗೆ ಹಬ್ಬ ಎಂದರು. ಯಾರದಂತೆ ಆ ಸಾಲ ಎಂದು ಕೇಳಿದರು. ಯಾರೋ ಗೊತ್ತಿಲ್ಲ ಎಂದೆ.

ಆಗಸ್ಟ್ 6, ಮಂಗಳವಾರ

ಬ್ಯಾಂಕಿನ ಮೇಡಂ ಪುಟ ತಿರುಗಿಸಿ ತಿರುಗಿಸಿ ನೋಡಿ ಶಹಬ್ಬಾಸ್ ಎಂದರು. ಆಮೇಲೆ ಆಸ್ಪತ್ರೆ ಸಾಲದ ಸಾಲಿನ ಮೇಲೆ ಪೆನ್ನು ನಿಂತಿತು. "ಕಡಿಮೆಗೆ ಇತ್ಯರ್ಥ" ಎಂದು ಇರುವವರೆಗೆ ವ್ಯಾಪಾರದ ಸಾಲ ಕೊಡುವಂತಿಲ್ಲವಂತೆ. ಇನ್ನೊಂದು ವರ್ಷ ಕಳೆದರೆ ಅದು ಹಳತಾಗಿ ತಾನೇ ಬಿದ್ದುಹೋಗುತ್ತದೆ, ಆಗ ಬನ್ನಿ ಎಂದರು. ಮೇಷ್ಟ್ರಿಗಿರುವುದು ಎಂಟು ವಾರ.

ಇವರು ಎಲ್ಲ ಕೇಳಿ, "ಹೋಗ್ಲಿ ಬಿಡು ಕಣೇ. ಒಂದು ವರ್ಷ ತಾನೇ? ನಾನು ಎರಡು ಪಾಳಿ ಮಾಡ್ತೀನಿ. ನಿನ್ನ ಕೈಲಿ ಕೆಲಸ ಇದೆ, ಇನ್ನೊಂದು ಲ್ಯಾಬ್ ಸಿಗುತ್ತೆ" ಎಂದರು. ಇವರಿಗೆ ಎಲ್ಲವೂ ಹಿಟ್ಟು ಉಬ್ಬುವ ಹಾಗೆ, ಸುಮ್ಮನೆ ಬಟ್ಟೆ ಮುಚ್ಚಿ ಕಾದರೆ ಆಯಿತು. ಹದಿಮೂರು ವರ್ಷ ಕಾದದ್ದು ಸಾಲದೇ ನನಗೆ?

ಆಗಸ್ಟ್ 8, ಗುರುವಾರ

ಆಸ್ಪತ್ರೆ ಸಾಲ ಕೊಟ್ಟ ಸಣ್ಣ ಸಂಸ್ಥೆ ಈಗಿಲ್ಲ, ಅದನ್ನು ದೊಡ್ಡದೊಂದು ಕೊಂಡುಕೊಂಡಿದೆ. ಸುಮ್ಮನೆ ವಿಚಾರಿಸೋಣವೆಂದು ಅಲ್ಲಿಗೆ ಹೋದೆ. ಕೌಂಟರಿನ ಹಿರಿಯ ಗುಮಾಸ್ತರು ಬಹಳ ಹೊತ್ತು ಹುಡುಕಿದರು. ಮೂಲ ಕಾಗದ ಪತ್ರ ಸಿಗುತ್ತಿಲ್ಲವಂತೆ. ಕಂಪ್ಯೂಟರಿನಲ್ಲಿ ಒಂದೇ ಸಾಲು: ಹೆಸರು, ಹುಟ್ಟಿದ ದಿನ, ಮಗುವಿನ ಚಿಕಿತ್ಸೆ, ಮೊತ್ತ. ವಿಳಾಸದ ಜಾಗದಲ್ಲಿ ಹಾಸ್ಟೆಲ್. ನನ್ನ ಹಳೆಯ ಬ್ಯಾಂಕ್ ಖಾತೆಯಿಂದ ತೆಗೆದುಕೊಂಡಿರಬೇಕು, ನಾನು ವಿಳಾಸ ಬದಲಾಯಿಸಿರಲೇ ಇಲ್ಲ.

ಈ ಹೆಸರಿನವರು ಇಬ್ಬರಿದ್ದಾರೆ ಎಂದು ರಿಪೋರ್ಟಿನಲ್ಲಿ ಈಗಾಗಲೇ ಬರೆದಿದೆ ಎಂದರು ಗುಮಾಸ್ತರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇಬ್ಬರಲ್ಲಿ ಯಾರದೋ ಒಬ್ಬರದು ಆಗಿರಲೇಬೇಕಲ್ಲಮ್ಮ. ನಿಮ್ಮದಲ್ಲ ಅಂತ ಬರೆದುಕೊಟ್ರೆ ಅವರಿಗೆ ಹಾಕ್ತೀವಿ. ನಿಮ್ದಾ?"

ಒಂದು ಫಾರಂ ಕೊಡಿ ಎಂದೆ.

ಆಗಸ್ಟ್ 9, ಶುಕ್ರವಾರ

ಯೋಚಿಸಿ ನೋಡಿದರೆ ಇದರಲ್ಲಿ ಅನ್ಯಾಯವೇನಿಲ್ಲ. ಸಾಲವಂತೂ ಮುಗಿದಿದೆ, ಯಾರೂ ಯಾರಿಗೂ ಬಿಡಿಗಾಸು ಕೊಡಬೇಕಿಲ್ಲ. ಬರೀ ಒಂದು ಮಾತು, ಅಷ್ಟೆ, ಅದು ಎಲ್ಲೋ ಒಂದು ಕಡೆ ಇರಬೇಕು. ಅವಳ ರಿಪೋರ್ಟಿನಲ್ಲಿ ಆಗಲೇ ಮೂರಿವೆ, ನೆನೆದವಳಿಗೆ ಇನ್ನೊಂದು ಹನಿ ಬಿದ್ದರೆ ಏನಾಗುತ್ತದೆ. ಅವಳ ಬಾಕಿಯಿಂದ ನಾನು ಎರಡು ತಿಂಗಳು ಅನುಭವಿಸಲಿಲ್ಲವೇ? ನನ್ನ ಮಗಳ ಶಾಲೆಯ ಗೇಟಿನಲ್ಲಿ ಗಂಡಸರು ನಿಲ್ಲಲಿಲ್ಲವೇ?

ಪತ್ರ ಚೆನ್ನಾಗಿ ಬಂತು. ಈಗ ನನಗೆ ಈ ಬರಹ ಕೈಗೆ ಕೂತಿದೆ. "ಸದರಿ ಸಾಲಕ್ಕೂ ನನಗೂ ಯಾವುದೇ ಸಂಬಂಧವಿರುವುದಿಲ್ಲ." ಸಣ್ಣ ವಾಕ್ಯ ಬರೆದರೆ ಪ್ರಶ್ನೆ ಹುಟ್ಟುವುದಿಲ್ಲ.

ಆಗಸ್ಟ್ 10, ಶನಿವಾರ

ಮಗಳನ್ನು ಜೆರಾಕ್ಸಿಗೆ ಕಳಿಸಿದ್ದು ತಪ್ಪಾಯಿತು. ಕಪಾಟಿನಿಂದ ಎತ್ತಿಕೊಟ್ಟ ಕಾಗದಗಳ ನಡುವೆ ಹಳೆಯ ಆಸ್ಪತ್ರೆ ಬಿಲ್ಲು ಸೇರಿಕೊಂಡಿತ್ತು. ಅಂಗಡಿಯಿಂದ ಬಂದವಳು ಬಾಗಿಲಲ್ಲೇ ನಿಂತು ಅದನ್ನು ಓದುತ್ತಿದ್ದಳು.

"ಅಮ್ಮಾ, ಇದು ನಂದಲ್ವಾ? ನನ್ನ ಎದೆಗೆ ಪೈಪ್ ಹಾಕಿದ್ರಲ್ಲ, ಆವಾಗಿಂದು?"

"ಅಲ್ಲ" ಎಂದೆ.

"ನನ್ನ ಹೆಸರಿದೆ."

"ಅಲ್ಲ ಅಂದ್ನಲ್ಲ. ಯಾರಾದ್ರೂ ಕೇಳಿದ್ರೂ ನಿಂಗೆ ನೆನಪಿಲ್ಲ. ಬೇರೆಯವರ ಕಾಗದ ಓದಬಾರದು."

ಬಿಲ್ಲನ್ನು ಕೊಟ್ಟು ಒಳಗೆ ಹೋದಳು. ಅವಳ ಎಡಪಕ್ಕೆಯಲ್ಲಿ ಪೈಪಿನ ಕಲೆ ಇನ್ನೂ ಇದೆ, ಬೆರಳುಗುರಿನಷ್ಟು. ಸ್ನಾನ ಮಾಡಿಸುವಾಗ ಮೊದಲೆಲ್ಲ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಈಗ ತಾನೇ ಸ್ನಾನ ಮಾಡುತ್ತಾಳೆ.

ಶನಿವಾರ ಲ್ಯಾಬಿನಲ್ಲಿ ಕುಲುಮೆ ಹಚ್ಚುವ ದಿನ. ಮೇಣದ ಹಲ್ಲನ್ನು ಪ್ಲಾಸ್ಟರಿನಲ್ಲಿ ಹೂತು ಒಳಗಿಟ್ಟರೆ ಮೇಣ ಉರಿದು ಹೋಗಿ ಹಲ್ಲಿನಾಕಾರದ ಖಾಲಿ ಜಾಗ ಮಾತ್ರ ಉಳಿಯುತ್ತದೆ, ಅದಕ್ಕೆ ಲೋಹ ಸುರಿಯುತ್ತೇವೆ. ಅಲ್ಲಿ ಬೂದಿಯೂ ಸಿಗುವುದಿಲ್ಲ. ಬಿಲ್ಲನ್ನು ಅದರಲ್ಲೇ ಹಾಕಿದೆ. ಮೇಷ್ಟ್ರು ಮೂಗೆಳೆದು, ಏನೋ ಕಾಗದ ಸುಟ್ಟ ವಾಸನೆ ಎಂದರು. ಮೇಣದ ಡಬ್ಬಿಯ ಚೀಟಿ ಎಂದೆ.

ಸೆಪ್ಟೆಂಬರ್ 6, ಶುಕ್ರವಾರ

ಹೋಯಿತು. ರಿಪೋರ್ಟ್ ಈಗ ಒಂದೂವರೆ ಪುಟ. ಒಂದು ಫ್ರಿಜ್ಜು, ಸರಿಯಾಗಿ ಕಟ್ಟಿದ್ದು. ಯಾರು ನೋಡಿದರೂ ಇಂಥ ಹೆಂಗಸಿಗೆ ಸಾಲ ಕೊಡಬೇಕು ಅನ್ನಿಸುತ್ತದೆ. ಬ್ಯಾಂಕಿನ ಮೇಡಂ ನನ್ನನ್ನು ಪಕ್ಕದ ಮೇಜಿನವರಿಗೆ ತೋರಿಸಿ, ಇವರು ಎಲ್ಲ ತಾವೇ ಮಾಡಿಕೊಂಡರು, ನಯಾಪೈಸೆ ಏಜೆಂಟಿಗೆ ಕೊಡಲಿಲ್ಲ ಎಂದರು.

ಸೆಪ್ಟೆಂಬರ್ 25, ಬುಧವಾರ

ಸಹಿಯಾಯಿತು. ಮೇಷ್ಟ್ರು ಬೀಗದ ಕೈ ಕೊಟ್ಟು, ನಂಬರ್ ಕೆತ್ತುವ ಮೊಳೆಯನ್ನೂ ಕೊಟ್ಟರು. ಅವರ ಗುರುಗಳು ಅವರಿಗೆ ಕೊಟ್ಟದ್ದಂತೆ. "ಇದನ್ನ ಮಾತ್ರ ಮರೀಬೇಡಮ್ಮ" ಎಂದರು. ಕಣ್ಣು ತುಂಬಿಬಂತು. ಒಂದೇ ದುಃಖವೆಂದರೆ ಇವರು ಬರಲಿಲ್ಲ, ಬೇಕರಿಯಲ್ಲಿ ಕೆಲಸವಂತೆ. ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾರೆ. ಮೊನ್ನೆ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದರು, ಏನು ಬೇಕು ಎಂದರೆ ಏನಿಲ್ಲ ಎಂದರು. ವಯಸ್ಸಾಗುತ್ತಿದೆ, ಇಬ್ಬರಿಗೂ.

ಅಕ್ಟೋಬರ್ 4, ಶುಕ್ರವಾರ

ಈ ವಾರ ಮೂವರ ಅರ್ಜಿ ಬರೆದುಕೊಟ್ಟೆ. ಇವರ ಬೇಕರಿಯ ಓವನ್ನಿನವನದು, ಕೆಳಗಿನ ಮನೆಯ ಟೀಚರದು, ಪಾರ್ಸೆಲ್ ತರುವವನ ಅತ್ತಿಗೆಯದು. ದುಡ್ಡು ತೆಗೆದುಕೊಳ್ಳುವುದಿಲ್ಲ. ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ, ನಿಮ್ಮದು ಯಾವುದು, ನಿಮ್ಮದಲ್ಲದ್ದು ಯಾವುದು, ಮೊದಲು ಅದನ್ನು ಪ್ರಾಮಾಣಿಕವಾಗಿ ಗುರುತು ಹಾಕಿ. ನನ್ನ ಹೆಸರು ಹಬ್ಬುತ್ತಿದೆ. ಟೀಚರು ನೀವು ವಕೀಲರಾಗಬೇಕಿತ್ತು ಎಂದರು.

ಅಕ್ಟೋಬರ್ 16, ಬುಧವಾರ

ಮಧ್ಯಾಹ್ನ ಲ್ಯಾಬಿನ ಬಾಗಿಲನ್ನು ಯಾರೋ ತಟ್ಟಿದರು. ಪ್ಲಾಸ್ಟಿಕ್ ಕವರ್ ಎದೆಗೊತ್ತಿಕೊಂಡು ಕಿಟಕಿಯವಳು ನಿಂತಿದ್ದಳು.

ಎಲ್ಲ ಗೊತ್ತಾಗಿ ಬಂದಿದ್ದಾಳೆ ಎಂದೇ ಅಂದುಕೊಂಡೆ. ಅವಳು ಎರಡು ಕ್ಷಣ ನನ್ನ ಮುಖ ನೋಡಿ, ಕವರನ್ನು ಸ್ಟೂಲಿನ ಮೇಲೆ ಎಸೆದು ನನ್ನನ್ನು ಅಪ್ಪಿಕೊಂಡಳು. "ಬಾಗಿಲಿನವಳೇ! ನೀನಾ?" ಎಂದಳು. ಯಾರೋ ಹೇಳಿದರಂತೆ, ಇಂಥ ಕಡೆ ಹಲ್ಲಿನ ಲ್ಯಾಬಿನ ಹೆಂಗಸೊಬ್ಬರು ಅರ್ಜಿ ಬರೆದುಕೊಡುತ್ತಾರೆ, ಅವರು ಬರೆದರೆ ಕೆಲಸವಾಗುತ್ತದೆ ಎಂದು. ಹೆಸರು ಕೇಳಿ ನನ್ನ ಹೆಸರಿನವಳೇ ಎಂದು ನಕ್ಕಳಂತೆ. ಆದರೂ ನಾನಿರಬಹುದೆಂದು ಹೊಳೆಯಲಿಲ್ಲವಂತೆ. ಅವಳು ಯಾವತ್ತೂ ಅಷ್ಟೆ.

ಚಹಾ ಕೊಟ್ಟೆ. ಕುಡಿಯುತ್ತಾ ಎಲ್ಲ ಹೇಳಿದಳು. ಗಂಡ ತೀರಿಕೊಂಡು ಮೂರು ವರ್ಷ. ಕಾಯಿಲೆಗೆ ಕೈಸಾಲ, ಆಮೇಲೆ ಹೊಟ್ಟೆಗೆ ಅಂಗಡಿ ಸಾಲ. ಜುಲೈಯಲ್ಲಿ ಯಾರೋ ಅವಳ ಅಂಗಡಿ ತೋರಿಸಿಕೊಟ್ಟರಂತೆ, ಇಸ್ತ್ರಿ ಅಂಗಿಯ ಇಬ್ಬರು ದಿನವೂ ಬಂದು ನಿಲ್ಲತೊಡಗಿದರು, ಗಿರಾಕಿಗಳು ಹೆದರಿ ಬರುವುದು ನಿಲ್ಲಿಸಿದರು. ಆದರೂ ಅವಳೇ ಕಂಪನಿಗೆ ಹೋಗಿ ಕೈಮುಗಿದು, ಕಂತು ಸಣ್ಣದು ಮಾಡಿಕೊಡಿ, ಎಲ್ಲ ತೀರಿಸುತ್ತೇನೆ ಎಂದು ಒಪ್ಪಿಸಿದ್ದಳು. ಅವರೂ ಒಪ್ಪಿದ್ದರು, ಕಾಗದವೂ ತಯಾರಾಗಿತ್ತು. ಸಹಿಯ ದಿನ ಹೊಸ ರಿಪೋರ್ಟ್ ತೆಗೆದರೆ ಅದರಲ್ಲಿ ನಾಲ್ಕನೆಯ ಸಾಲ ಕೂತಿತ್ತು. ಹಿಂದೆ ಅರ್ಧ ಕೊಟ್ಟು ಕೈತೊಳೆದುಕೊಂಡವಳಿಗೆ ಮತ್ತೆ ಅವಕಾಶ ಕೊಡುವುದಿಲ್ಲ ಎಂದರಂತೆ. ಮೆಷಿನ್ನು ಎತ್ತಿಕೊಂಡು ಹೋದರು. ಅಂಗಡಿಗೆ ಬೀಗ ಬಿದ್ದು ಹನ್ನೆರಡು ದಿನವಾಯಿತು.

"ಆ ಮೂರು ನಂದೇ ಕಣೇ, ಅವನ್ನ ಅಲ್ಲ ಅನ್ನಲ್ಲ" ಎಂದಳು. "ಈ ನಾಲ್ಕನೇದು ಮಾತ್ರ ನಂಗೆ ಅರ್ಥ ಆಗ್ತಿಲ್ಲ. ಮಗುವಿನ ಚಿಕಿತ್ಸೆ ಅಂತ ಬರೆದಿದ್ದಾರೆ. ನಂಗೆ ಮಗುನೇ ಆಗ್ಲಿಲ್ಲವಲ್ಲೇ."

ಆಗ ಒಂದು ಬಾರಿ ಅತ್ತಳು, ಹೆಚ್ಚು ಹೊತ್ತಲ್ಲ. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಕೈ ಹಿಡಿದುಕೊಂಡು, ನಾನಿದ್ದೇನೆ, ಬರೆದುಕೊಡುತ್ತೇನೆ ಎಂದೆ.

ಆಗಲೇ ಕೂತು ಬರೆದೆ. ಇಷ್ಟು ಚೆನ್ನಾಗಿ ನಾನು ನನಗೂ ಬರೆದುಕೊಂಡಿರಲಿಲ್ಲ. ಅವಳ ಗಂಡನ ಕಾಯಿಲೆ, ಅಂಗಡಿ, ಪ್ರಾಮಾಣಿಕತೆ, ಎಲ್ಲ ಬಂತು. ಅವಳು ಓದಿ ನೋಡಿ, ಮಗು ಇಲ್ಲದ್ದು ಬರೆದಿಲ್ಲವಲ್ಲ ಎಂದಳು. ಅದು ಸ್ವಂತ ವಿಷಯ, ಅಂಥದ್ದನ್ನು ಬರೆದರೆ ಕನಿಕರ ಗಿಟ್ಟಿಸಲು ಬರೆದ ಹಾಗಾಗುತ್ತದೆ, ಆಫೀಸಿನವರಿಗೆ ಹಿಡಿಸುವುದಿಲ್ಲ ಎಂದು ತಿಳಿಸಿ ಹೇಳಿದೆ. ಹೌದಾ, ನಿನಗೆ ಗೊತ್ತಿರುತ್ತೆ ಎಂದು ಸಹಿ ಹಾಕಿದಳು. ಪತ್ರ ಚಿಕ್ಕದಾಗಿದ್ದಷ್ಟೂ ಒಳ್ಳೆಯದು, ಇದು ನನ್ನ ಅನುಭವ.

ಹೋಗುವಾಗ ಬಾಗಿಲಲ್ಲಿ ಹಿಂಜರಿದು ನಿಂತು, ಎಲ್ಲಾದರೂ ಕೆಲಸವಿದ್ದರೆ ಹೇಳು ಎಂದಳು. ಮೇಷ್ಟ್ರ ಬೆಂಚು ಖಾಲಿಯಿದೆ, ಕಿಟಕಿಯ ಪಕ್ಕದ್ದೇ. ಸೋಮವಾರದಿಂದ ಬಾ ಎಂದೆ. ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಬೇರೆ ಯಾರು ಇಷ್ಟು ಮಾಡುತ್ತಿದ್ದರು?

ಅಕ್ಟೋಬರ್ 21, ಸೋಮವಾರ

ಕಿಟಕಿಯವಳು ಒಂಬತ್ತಕ್ಕೇ ಬಂದು ಬೆಂಚು ಒರೆಸಿ ಕೂತಳು. ಕೈ ಇನ್ನೂ ಚುರುಕಾಗಿದೆ. ಮೂರು ಸೆಟ್ ಮುಗಿಸಿದಳು. ಅಚ್ಚಿಗೆ ನಂಬರ್ ಕೆತ್ತುವ ಕೆಲಸ ನಾನೇ ಇಟ್ಟುಕೊಂಡಿದ್ದೇನೆ.

ಸಂಜೆ ಶಾಲೆ ಬಿಟ್ಟು ಮಗಳು ಬಂದಳು. ಪ್ಲಾಸ್ಟರಿನ ಪುಡಿಗೆ ಅವಳಿಗೆ ಯಾವಾಗಲೂ ಕೆಮ್ಮು. ಕಿಟಕಿಯವಳು ಕೆಲಸ ಬಿಟ್ಟು ಎದ್ದು, ನೀರು ಕುಡಿಸಿ, ಹತ್ತಿರ ಕೂರಿಸಿಕೊಂಡು ಬೆನ್ನು ಸವರಿದಳು. ಎರಡು ನಿಮಿಷದಲ್ಲಿ ನಗಿಸಿಯೂಬಿಟ್ಟಳು. ಮನೆಯಲ್ಲಿ ಈ ಹುಡುಗಿ ನಕ್ಕು ಯಾವ ಕಾಲವಾಯಿತೋ. ನಾನು ಮೇಣ ಕಾಯಿಸುತ್ತಾ ನೋಡುತ್ತಿದ್ದೆ. ಆಗ ಕಿಟಕಿಯವಳು ಸುಮ್ಮನೆ, ಮಾತಿಗೆ ಮಾತು ಎಂದು ಕೇಳಿದಳು.

"ಈ ಕೆಮ್ಮು ಚಿಕ್ಕೋಳಿದ್ದಾಗಿಂದ ಇದ್ಯಾ ಪುಟ್ಟಿ? ಆಸ್ಪತ್ರೆಗೇನಾದ್ರೂ ಸೇರಿಸಿದ್ರಾ?"

ಮಗಳು ತಿರುಗಿ ನನ್ನನ್ನು ನೋಡಿದಳು, ಒಂದೇ ಒಂದು ಸಲ. ಆಮೇಲೆ ಕಿಟಕಿಯವಳ ಕಣ್ಣಲ್ಲಿ ಕಣ್ಣಿಟ್ಟು, ಎಡಪಕ್ಕೆಯ ಮೇಲೆ ಕೈಯಿಟ್ಟುಕೊಂಡು, "ಇಲ್ಲ ಆಂಟಿ, ಯಾವತ್ತೂ ಇಲ್ಲ" ಎಂದಳು.

ಎಷ್ಟು ಸಲೀಸಾಗಿ ಹೇಳಿದಳು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ, ದೊಡ್ಡವಳಾಗುತ್ತಿದ್ದಾಳೆ.